ಆರನೇ ಕಟ್ಟಳೆ

ನಮ್ಮ ಉಡುಪಿ ಕಡೆಯ ಕಥೋಲಿಕ ಮನೆಗಳಲ್ಲಿ ಮೊದಲ ಪರಮಪ್ರಸಾದದ ಹೊತ್ತಿಗೇ ಮಕ್ಕಳಿಗೆ ಹತ್ತು ಕಟ್ಟಳೆ ಬಾಯಿಪಾಠ. ಆರನೆಯದು ವ್ಯಭಿಚಾರದ್ದು. (ಸಿಎಸ್‌ಐ ಪ್ರಾಟೆಸ್ಟೆಂಟ್ ಮನೆಗಳ ಎಣಿಕೆಯಲ್ಲಿ ಏಳನೆಯದು, ಮುಜುಗರ ಮಾತ್ರ ಎರಡೂ ಕಡೆ ಒಂದೇ.) ಆಗ ಗಿಳಿಯಂತೆ ಒಪ್ಪಿಸಿದ ಮಗು ಹನ್ನೊಂದು ವರ್ಷದ ಹೊತ್ತಿಗೆ "ಮಮ್ಮಿ, ಹಾಗಂದ್ರೆ ಎಂತ?" ಅನ್ನುತ್ತದೆ. "ಫಾದರ್ ಹತ್ರ ಕೇಳು" ಅಂತೇವೆ. ಫಾದರ್ ಹತ್ರ, ಪಾಪ!

ಶಾಲೆಯವರು ಹೇಳಿಕೊಡಲಿ ಅನ್ನೋಣವೇ? 2007ರಲ್ಲಿ ಕರ್ನಾಟಕ ಸರ್ಕಾರವೇ ಶಾಲೆಗಳಲ್ಲಿ ಲೈಂಗಿಕ ಶಿಕ್ಷಣ ಬೇಡ ಎಂದಿತ್ತು. ಇಗರ್ಜಿ ಒಪ್ಪುವುದಿಲ್ಲ ಎಂಬ ನೆಪವೂ ನಿಲ್ಲುವುದಿಲ್ಲ. 2016ರಲ್ಲಿ ಪೋಪ್ ಫ್ರಾನ್ಸಿಸ್ 'ಅಮೋರಿಸ್ ಲೆಟೀಶಿಯಾ' ಎಂಬ ಉಪದೇಶಪತ್ರದಲ್ಲಿ ಮಕ್ಕಳಿಗೆ ಇದು ಬೇಕು, ವಯಸ್ಸಿಗೆ ತಕ್ಕ ಹಾಗೆ ಬೇಕು ಎಂದು ಬರೆದಾಗಿದೆ. ಹೆದರಿಕೆ ಇರುವುದು ನಮಗೇ.

ಈ ಮಾತಿಗೆ ನನಗೆ ಒದಗಿ ಬಂದದ್ದು ಕಾರು. ಗಂಡ ಡ್ರೈವಿಂಗ್, ಹಿಂದಿನ ಸೀಟಿನಲ್ಲಿ ನಾನು, ಮಗ. ಜನವರಿಯ ಅತ್ತೂರು ಸಾಂತ್‌ಮಾರಿ ಹಬ್ಬಕ್ಕೆ ಕಾಪುವಿನಿಂದ ಶಿರ್ವ, ಬೆಳ್ಮಣ್ ದಾಟಿ ಹೋಗುವಾಗ ಯಾರೂ ಯಾರ ಮುಖವನ್ನೂ ನೋಡಬೇಕಾಗಿಲ್ಲ. ಮುಟ್ಟು ಅಂದರೇನು, ನಿದ್ದೆಯಲ್ಲಿ ಚಡ್ಡಿ ಒದ್ದೆಯಾದರೆ ಗಾಬರಿ ಯಾಕೆ ಬೇಡ, ಮಗು ಹೇಗೆ ಆಗುತ್ತದೆ, ಯಾರು ಎಲ್ಲಿ ಮುಟ್ಟಿದರೆ ಬಂದು ಹೇಳಬೇಕು, ಎಲ್ಲ ಹೇಳಿದೆ. ಪಾಪದ ಮಾತು ಎತ್ತಲಿಲ್ಲ. ಮೈ ದೇವರೇ ಕೊಟ್ಟದ್ದು ಅಂದೆ. ಗಂಡ ಮಾತ್ರ ಸುಮ್ಮಸುಮ್ಮನೆ ಹಾರ್ನ್ ಹೊಡೆಯುತ್ತಿದ್ದರು.

ಮಗ ಕಿಟಕಿಯಾಚೆ ನೋಡುತ್ತಾ ಕೇಳಿದ್ದು ಒಂದೇ: "ಇದೆಲ್ಲ ಅಜ್ಜಿಗೂ ಗೊತ್ತುಂಟಾ?"

ಅಜ್ಜಿಗೆ ಒಂಬತ್ತು ಮಕ್ಕಳು.