ಥೇಮ್ಸ್ ದಂಡೆಯ ಆಸ್ಪತ್ರೆ

ಲಂಡನ್ನಿಗೆ ಹೋಗುವ ನಮ್ಮ ಸಮಾಜದ ಹಿರಿಯರು ಬಕಿಂಗ್‌ಹ್ಯಾಮ್ ಅರಮನೆಯನ್ನು ನೋಡದೆ ಮರಳಿದರೂ ಮರಳಬಹುದು; ಲ್ಯಾಂಬೆತ್ ಭಾಗದ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ಗೆ ಹೋಗದೆ ಮರಳುವುದು ಅಪರೂಪ. ಥೇಮ್ಸ್ ನದಿಯ ಆ ದಂಡೆಯಲ್ಲಿ 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿಯವರು ಅನಾವರಣಗೊಳಿಸಿದ ಬಸವೇಶ್ವರರ ಪ್ರತಿಮೆಯಿದೆ. ಅದರ ಸ್ಥಾಪನೆಗಾಗಿ ಶ್ರಮಿಸಿದವರು ಕಲಬುರಗಿ ಮೂಲದ ಡಾ. ನೀರಜ್ ಪಾಟೀಲರು. ಲ್ಯಾಂಬೆತ್‌ನ ಮೇಯರ್ ಆಗಿದ್ದ ಅವರು ವೃತ್ತಿಯಿಂದ ವೈದ್ಯರು.

ಪ್ರತಿಮೆಗೆ ನಮಸ್ಕರಿಸಿ, ಭಾವಚಿತ್ರ ತೆಗೆಸಿಕೊಂಡವರು ಬಹುಮಟ್ಟಿಗೆ ಅಲ್ಲಿಂದಲೇ ಹಿಂದಿರುಗುತ್ತಾರೆ. ನದಿಯನ್ನು ಎಡಕ್ಕಿಟ್ಟುಕೊಂಡು ಉತ್ತರಕ್ಕೆ ನಡೆದರೆ ಲ್ಯಾಂಬೆತ್ ಸೇತುವೆಯನ್ನು ದಾಟಿದೊಡನೆ ಬಲಗಡೆ ಕ್ಯಾಂಟರ್ಬರಿಯ ಧರ್ಮಾಧ್ಯಕ್ಷರ ಹಳೆಯ ನಿವಾಸ ಕಾಣುತ್ತದೆ. ಮುಂದೆ ಒಂದು ಉದ್ದನೆಯ ಗೋಡೆ. ಅದರ ಮೇಲೆ ಲಕ್ಷಾಂತರ ಕೆಂಪು ಹೃದಯಗಳ ಚಿತ್ರಗಳಿವೆ. ಕೋವಿಡ್ ರೋಗದಿಂದ ಮೃತರಾದ ಒಬ್ಬೊಬ್ಬರಿಗೆ ಒಂದೊಂದರಂತೆ 2021ರ ಮಾರ್ಚ್ ತಿಂಗಳಿನಿಂದ ಬಂಧುಗಳೂ ಸ್ವಯಂಸೇವಕರೂ ಕೈಯಾರೆ ಬರೆದವು ಅವು. ಗೋಡೆಯ ಹಿಂದಿರುವುದೇ ಸೇಂಟ್ ಥಾಮಸ್ ಆಸ್ಪತ್ರೆ; ನದಿಯ ಆಚೆ ದಡದಲ್ಲಿ ಪಾರ್ಲಿಮೆಂಟ್ ಭವನ.

ಈ ಆಸ್ಪತ್ರೆಯ ಮೂಲ ಹನ್ನೆರಡನೆಯ ಶತಮಾನದಷ್ಟು ಹಿಂದಿನದು. ಕಲ್ಯಾಣದಲ್ಲಿ ಅನುಭವ ಮಂಟಪವಿದ್ದ ಶತಮಾನವೂ ಅದೇ ಎಂದು ನೆನೆದಾಗ ವಿಸ್ಮಯವಾಗುತ್ತದೆ. ಈಗಿನ ಸ್ಥಳಕ್ಕೆ ಅದು ಬಂದದ್ದು 1871ರಲ್ಲಿ. ಫ್ಲಾರೆನ್ಸ್ ನೈಟಿಂಗೇಲ್ ತಮ್ಮ ದಾದಿಯರ ಶಾಲೆಯನ್ನು 1860ರಲ್ಲಿ ಆರಂಭಿಸಿದ್ದು ಇದೇ ಆಸ್ಪತ್ರೆಯ ಆಶ್ರಯದಲ್ಲಿ. 2020ರ ಏಪ್ರಿಲ್‌ನಲ್ಲಿ ಅಂದಿನ ಪ್ರಧಾನಿ ಬೋರಿಸ್ ಜಾನ್ಸನ್ ಕೋವಿಡ್ ಪೀಡಿತರಾಗಿ ಮಲಗಿದ್ದುದೂ ಇಲ್ಲಿಯೇ. ಪ್ರಧಾನಿಗೂ ಪಕ್ಕದ ಬೀದಿಯ ಬಸ್ ಚಾಲಕನಿಗೂ ಇಲ್ಲಿ ಒಂದೇ ಬಾಗಿಲು. ಬಿಡುಗಡೆಯಾಗುವಾಗ ಇಬ್ಬರಿಗೂ ಬಿಲ್ಲು ಇಲ್ಲ. 1948ರ ಜುಲೈ 5ರಂದು ಆರೋಗ್ಯ ಸಚಿವ ಅನ್ಯೂರಿನ್ ಬೆವನ್ ಅವರ ಕಾಲದಲ್ಲಿ ಜಾರಿಗೆ ಬಂದ ರಾಷ್ಟ್ರೀಯ ಆರೋಗ್ಯ ಸೇವೆಯ, ಅಂದರೆ ಎನ್.ಎಚ್.ಎಸ್.ನ, ಮಹಿಮೆ ಅದು.

ಇದನ್ನು ಕಂಡ ನಮ್ಮವರಲ್ಲಿ ಅನೇಕರು "ಇಂಗ್ಲೆಂಡಿನಲ್ಲಿ ವೈದ್ಯ ಎಲ್ಲರಿಗೂ ಪುಕ್ಕಟೆ" ಎಂಬ ಮಾತನ್ನು ಊರಿಗೆ ತಂದಿದ್ದಾರೆ. ಒಬ್ಬ ಹಿರಿಯರಂತೂ ಇದು ಸರ್ಕಾರಿ ದಾಸೋಹವೆಂದೇ ಬಣ್ಣಿಸಿದರು. ಹೋಲಿಕೆ ಸೊಗಸಾಗಿದೆ, ಆದರೆ ಸರಿಯಲ್ಲ. ದಾಸೋಹದ ಪಂಕ್ತಿಯಲ್ಲಿ ಕುಳಿತವರನ್ನು ಯಾರೂ ಊರು ಕೇಳುವುದಿಲ್ಲ. ಎನ್.ಎಚ್.ಎಸ್. ಎಂಬುದು ಆ ದೇಶದ ನಿವಾಸಿಗಳು ತೆರಿಗೆಯ ಮೂಲಕ ತುಂಬಿಸುವ ಸಾಮಾನ್ಯ ಭಂಡಾರ. ಅಲ್ಲಿ ನೆಲೆಸಿದವರಿಗೊಂದು, ದುಡಿಯಲು ಹೋದವರಿಗೊಂದು, ನೋಡಲು ಹೋದವರಿಗೊಂದು ಲೆಕ್ಕವಿದೆ.

ಉದ್ಯೋಗಕ್ಕೆ ಹೋಗುವ ನಮ್ಮ ಮಕ್ಕಳು ವೀಸಾ ಅರ್ಜಿಯೊಂದಿಗೆ ಆರೋಗ್ಯ ಅಧಿಭಾರವೆಂಬ ಶುಲ್ಕವನ್ನು ಮುಂಗಡವಾಗಿ ಕಟ್ಟಬೇಕು. 2015ರಲ್ಲಿ ವರ್ಷಕ್ಕೆ 200 ಪೌಂಡ್ ಇದ್ದ ಇದು 2024ರ ಫೆಬ್ರವರಿ 6ರಿಂದ 1,035 ಪೌಂಡ್‌ಗೆ ಏರಿತು. ವಿದ್ಯಾರ್ಥಿಗಳಿಗೂ ಹದಿನೆಂಟರೊಳಗಿನ ಮಕ್ಕಳಿಗೂ 776 ಪೌಂಡ್. ಗಂಡ, ಹೆಂಡತಿ, ಒಂದು ಮಗು ಐದು ವರ್ಷದ ವೀಸಾ ಪಡೆದರೆ ಈ ಲೆಕ್ಕದಲ್ಲಿ 14,230 ಪೌಂಡ್ ಒಂದೇ ಸಲ ಕೈಬಿಡುತ್ತದೆ. ಸಂಬಳದ ತೆರಿಗೆ ಬೇರೆ. ಆರೋಗ್ಯ ವೃತ್ತಿಯ ವೀಸಾ ಪಡೆದ ವೈದ್ಯರಿಗೂ ದಾದಿಯರಿಗೂ ಅಧಿಭಾರದಿಂದ ವಿನಾಯಿತಿ. ಹಣ ಕಟ್ಟಿದ ಮೇಲೆ ಅವರಿಗೆ ಆಸ್ಪತ್ರೆಯ ಚಿಂತೆಯಿಲ್ಲ. ಮನೆಯ ಸಮೀಪದ ಜಿ.ಪಿ., ಅಂದರೆ ಕುಟುಂಬ ವೈದ್ಯರ ಬಳಿ ಹೆಸರು ನೋಂದಾಯಿಸಿದರಾಯಿತು. ಯೋಜಿತ ಶಸ್ತ್ರಚಿಕಿತ್ಸೆಗೆ ತಿಂಗಳುಗಟ್ಟಲೆ ಸರದಿ ಕಾಯಬೇಕೆಂಬುದು ಬೇರೆ ಮಾತು. ಅದರ ಸಲುವಾಗಿಯೇ ಕೆಲವು ಕಂಪನಿಗಳು ನೌಕರರಿಗೆ ಖಾಸಗಿ ವಿಮೆಯನ್ನೂ ಕೊಡುತ್ತವೆ.

ತೊಂದರೆಯಿರುವುದು ತಂದೆ-ತಾಯಿಗಳ ವಿಷಯದಲ್ಲಿ. ಮಗಳ ಬಾಣಂತನಕ್ಕೆಂದೋ ಮೊಮ್ಮಗನನ್ನು ಆಡಿಸಲೆಂದೋ ಆರು ತಿಂಗಳ ವೀಸಾದಲ್ಲಿ ಹೋಗುವ ಇವರು ಅಧಿಭಾರ ಕಟ್ಟುವುದಿಲ್ಲ. ಆದ್ದರಿಂದ ಭಂಡಾರದಲ್ಲಿ ಅವರ ಪಾಲೂ ಇಲ್ಲ. ಜಿ.ಪಿ.ಯ ಸಲಹೆಗೂ ತುರ್ತು ಚಿಕಿತ್ಸಾ ವಿಭಾಗದಲ್ಲಿ ನಡೆಯುವ ಮೊದಲ ಉಪಚಾರಕ್ಕೂ ಹಣ ಕೇಳುವುದಿಲ್ಲ. ವಾರ್ಡಿಗೆ ದಾಖಲಾದ ಕ್ಷಣದಿಂದ ಮಾತ್ರ ಎನ್.ಎಚ್.ಎಸ್. ದರದ ಒಂದೂವರೆ ಪಟ್ಟು ಲೆಕ್ಕ ಆರಂಭವಾಗುತ್ತದೆ. ಜೀವಾಪಾಯವಿದ್ದಾಗ ಹಣವಿಲ್ಲವೆಂದು ಯಾರನ್ನೂ ಹಿಂದಕ್ಕೆ ಕಳಿಸುವುದಿಲ್ಲ ಎಂಬುದು ಆ ವ್ಯವಸ್ಥೆಯ ದೊಡ್ಡ ಗುಣ. ಬಿಲ್ಲು ನಂತರ ಬರುತ್ತದೆ. 500 ಪೌಂಡ್ ಅಥವಾ ಹೆಚ್ಚಿನ ಬಾಕಿ ಉಳಿಸಿ ಮರಳಿದವರಿಗೆ ಮತ್ತೊಮ್ಮೆ ವೀಸಾ ನಿರಾಕರಿಸಲು ಅದೇ ಕಾರಣವಾಗಬಹುದು. ಮೊಮ್ಮಗನ ಮುಖ ಮತ್ತೆ ನೋಡುವ ದಾರಿ ಹೀಗೂ ಮುಚ್ಚೀತು.

ಫ್ರಾನ್ಸ್, ಜರ್ಮನಿ ಮೊದಲಾದ ಷೆಂಗೆನ್ ದೇಶಗಳು ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆಯಿಲ್ಲದೆ ನಮಗೆ ಪ್ರವಾಸಿ ವೀಸಾ ಕೊಡುವುದೇ ಇಲ್ಲ. ಬ್ರಿಟನ್ ಅದನ್ನು ಕೇಳುವುದಿಲ್ಲ. ಕೇಳದಿರುವುದನ್ನು ಬೇಡವೆಂದು ತಿಳಿಯುವವರೇ ಬಹಳ.

ಕ್ರಾಯ್ಡನ್‌ನಲ್ಲಿ ಮಗಳ ಮನೆಗೆ ಬಂದಿದ್ದ ಧಾರವಾಡ ಕಡೆಯ ತಾಯಿಯೊಬ್ಬರ ಪರಿಚಯ ನಮಗಾಯಿತು. ಎಪ್ಪತ್ತರ ಸಮೀಪದ ವಯಸ್ಸು. ರಕ್ತದೊತ್ತಡ, ಸಕ್ಕರೆ ಕಾಯಿಲೆ ಎರಡೂ ಇದ್ದವು. ವಿಮೆಯ ಅರ್ಜಿ ತುಂಬುವಾಗ ಏಜೆಂಟನು "ಇವನ್ನ ಬರೀಬ್ಯಾಡ್ರಿ ಅಮ್ಮಾರ, ಪ್ರೀಮಿಯಂ ಕಡಿಮಿ ಆಗ್ತದ" ಎಂದನಂತೆ. "ಗುಳಿಗಿ ನುಂಗೋದು ನಾ, ಸುಳ್ಳು ಬರಿಯೋದು ನೀ ಏನಪಾ?" ಎಂದು ಕೇಳಿ ಎಲ್ಲವನ್ನೂ ಬರೆಸಿದರು. ಪ್ರೀಮಿಯಂ ಹೆಚ್ಚಾಯಿತು. ಎರಡನೆಯ ತಿಂಗಳಲ್ಲಿ ಸಕ್ಕರೆಯ ಪ್ರಮಾಣ ಕುಸಿದು ಮೆಟ್ಟಿಲಿನ ಮೇಲೆ ಬಿದ್ದು ತೊಡೆಯ ಮೂಳೆ ಮುರಿಯಿತು, ಶಸ್ತ್ರಚಿಕಿತ್ಸೆಯಾಯಿತು. ಕಾಯಿಲೆಯನ್ನು ಮುಚ್ಚಿಟ್ಟಿದ್ದರೆ ಕಂಪನಿಯವರು ತಕರಾರು ತೆಗೆಯಲು ಅಷ್ಟೇ ಸಾಕಿತ್ತು. ಮುಚ್ಚಿಡದ ಕಾರಣ ಹಣ ಪಾವತಿಯಾಯಿತು. ಪಾಲಿಸಿಯ ನಿಯಮದಂತೆ ಮೊದಲ 100 ಡಾಲರ್ ಮಾತ್ರ ಅವರು ಭರಿಸಿದರು.

ಆದರೆ ಕಾಯಿಲೆಯನ್ನು ತಿಳಿಸಿದ ಮಾತ್ರಕ್ಕೆ ಎಲ್ಲ ಖರ್ಚೂ ಸಿಗುತ್ತದೆಂದು ಭಾವಿಸಬಾರದು. ಅನೇಕ ಪಾಲಿಸಿಗಳು ಮೊದಲೇ ಇದ್ದ ಕಾಯಿಲೆಗೆ ಜೀವಾಪಾಯದ ಸಂದರ್ಭದಲ್ಲಿ ಮಾತ್ರ, ಅದೂ ಒಂದು ಮಿತಿಯವರೆಗೆ ಹಣ ಕೊಡುತ್ತವೆ. ಹೊರಕವಚದಲ್ಲಿ ಲಕ್ಷ ಡಾಲರ್ ಎಂದು ದಪ್ಪಕ್ಷರದಲ್ಲಿದ್ದರೂ, ಅರವತ್ತು ದಾಟಿದವರಿಗೆ ಕೊಠಡಿ ಬಾಡಿಗೆಗೆ ಇಷ್ಟು, ಶಸ್ತ್ರಚಿಕಿತ್ಸೆಗೆ ಇಷ್ಟು ಎಂಬ ಒಳಮಿತಿಗಳು ಸಣ್ಣಕ್ಷರದಲ್ಲಿರುತ್ತವೆ. ಓದಬೇಕಾದ್ದು ಆ ಪುಟವನ್ನೇ. ಊರಿನಲ್ಲಿ ವರ್ಷವರ್ಷ ಕಟ್ಟುವ ಮೆಡಿಕ್ಲೇಮ್ ಸಾಮಾನ್ಯವಾಗಿ ದೇಶದ ಗಡಿಯಾಚೆಗೆ ಅನ್ವಯಿಸುವುದಿಲ್ಲ. ಪ್ರವಾಸ ವಿಮೆಯನ್ನು ವಿಮಾನ ಹತ್ತುವ ಮೊದಲೇ ಮಾಡಿಸಬೇಕು. ಕ್ಲೇಮನ್ನು ಅನ್ಯಾಯವಾಗಿ ತಿರಸ್ಕರಿಸಿದರೆಂದು ತೋರಿದಲ್ಲಿ ಬೆಂಗಳೂರಿನಲ್ಲಿರುವ ವಿಮಾ ಓಂಬುಡ್ಸ್‌ಮನ್ನರಿಗೆ ದೂರು ಸಲ್ಲಿಸಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

ಮಾತ್ರೆಗಳನ್ನು ಇಲ್ಲಿಂದಲೇ ಒಯ್ಯುವುದು ಲೇಸು. ರಕ್ತದೊತ್ತಡದ ಗುಳಿಗೆಯನ್ನು ಅಲ್ಲಿಯ ಔಷಧ ಅಂಗಡಿಯಲ್ಲಿ ಚೀಟಿಯಿಲ್ಲದೆ ಕೊಡುವುದಿಲ್ಲ. ನಮ್ಮ ವೈದ್ಯರಿಂದ ಔಷಧದ ಮೂಲ ಹೆಸರನ್ನು ಬರೆಸಿಕೊಂಡಿರಬೇಕು. ಇಲ್ಲಿಯ ಕಂಪನಿಯ ಹೆಸರು ಅಲ್ಲಿ ಯಾರಿಗೂ ತಿಳಿಯದು.

ಇನ್ನೊಂದು ಸಂಗತಿಯುಂಟು, ಪ್ರಯಾಣದ ಸಡಗರದಲ್ಲಿ ಅದನ್ನು ಎತ್ತುವುದು ಅಶುಭವೆಂದು ಮನೆಗಳಲ್ಲಿ ಸುಮ್ಮನಿರುತ್ತಾರೆ. ಪರದೇಶದಲ್ಲಿಯೇ ಹಿರಿಯರು ಲಿಂಗೈಕ್ಯರಾದರೆ ಏನು ಮಾಡಬೇಕು? ಸಮಾಧಿ ಮಾಡುವುದು ನಮ್ಮ ಸಂಪ್ರದಾಯ. ಲಂಡನ್ನಿನಲ್ಲಿ ದಹನದ ಏರ್ಪಾಡು ಸುಲಭ; ಸಮಾಧಿಗೆ ನೆಲ ವಿರಳ, ದುಬಾರಿ. ಊರಿನ ಹೊಲದಲ್ಲಿ, ಹಿರಿಯರ ಮಗ್ಗುಲಲ್ಲಿಯೇ ಆಗಲೆಂಬ ಬಯಕೆಯಿದ್ದರೆ ಕರೋನರ್ ಎಂಬ ಅಧಿಕಾರಿಯ ಅನುಮತಿ, ಭಾರತೀಯ ಹೈಕಮಿಷನ್ನಿನ ಪತ್ರ, ದೇಹ ಕೆಡದಂತೆ ಸಂಸ್ಕರಣೆ, ಸತುವಿನ ತಗಡಿನ ಒಳಪದರವುಳ್ಳ ಪೆಟ್ಟಿಗೆ, ವಿಮಾನದ ಬಾಡಿಗೆ ಇಷ್ಟೂ ಬೇಕಾಗುತ್ತವೆ. ಬಹುತೇಕ ಪ್ರವಾಸ ವಿಮೆಗಳಲ್ಲಿ ಪಾರ್ಥಿವ ಶರೀರವನ್ನು ಸ್ವದೇಶಕ್ಕೆ ತರುವ ವೆಚ್ಚ ಒಂದು ಮಿತಿಯವರೆಗೆ ಸೇರಿರುತ್ತದೆ. ಪಾಲಿಸಿ ಕೊಳ್ಳುವ ದಿನವೇ ಆ ಕಲಮನ್ನು ತಂದೆ-ತಾಯಿ, ಮಕ್ಕಳು ಕೂಡಿ ಕುಳಿತು ಓದುವುದು ಒಳ್ಳೆಯದು. ವಿಮಾ ಕಂಪನಿಯ ಸಹಾಯವಾಣಿಗೆ ತಿಳಿಸದೆ ಮೊದಲು ಖರ್ಚು ಮಾಡಿ ಆಮೇಲೆ ಕೇಳಿದರೆ ತೊಡಕಾಗುತ್ತದೆ. ಆದ್ದರಿಂದ ಆ ದೂರವಾಣಿ ಸಂಖ್ಯೆ ಹಿರಿಯರ ಚೀಲದಲ್ಲಿ ಒಂದು, ಮಗಳ ಅಡುಗೆಮನೆಯ ಗೋಡೆಯ ಮೇಲೆ ಒಂದು, ಊರಿನಲ್ಲಿ ಉಳಿದವರ ಬಳಿ ಇನ್ನೊಂದು ಇರಬೇಕು.