ಬಸ್ಸು ಓಡಿಸುವ ಕುನ್ನಿ

ಆಳಂದದ ಬಸ್ಸು ಊರೊಳಗೆ ಬಂದು ಹಾರ್ನ್ ಹೊಡೆಯಿತೆಂದರೆ ಸಾಕು, ಪಡಸಾಲೆಯಲ್ಲಿ ಗೋಣಿಚೀಲದ ಮೇಲೆ ಮಲಗಿದ್ದ ನಾಲ್ಕು ತಿಂಗಳ ಕುನ್ನಿ ಚಂಗನೆ ಜಿಗಿದು ಕಿಟಕಿಗೆ ಮುಂಗಾಲು ಹಚ್ಚಿ ನಿಲ್ಲುತ್ತದೆ. ಆಮೇಲೆ ಬೊಗಳಾಟ. ಕಲ್ಲಿನ ಗೋಡೆ, ಪರಸಿಯ ನೆಲ, ಮೇಲೆ ಮಾಳಿಗೆ. ಒಂದು ಬೊಗಳು ನಾಲ್ಕಾಗಿ ಮೊಳಗುತ್ತದೆ. ತೊಟ್ಟಿಲ ಕೂಸು ಬೆಚ್ಚಿ ಅಳಲು ಶುರುಮಾಡುತ್ತದೆ.

“ಏ ತಮ್ಮಾ, ಆ ಕುನ್ನಿಗಿ ಜರಾ ಸುಮ್ ಕುಂದ್ರಸೋ! ಕೂಸು ಎದ್ದದ.”

“ನಾ ಏನ್ ಮಾಡ್ಲಿ ಆಯಿ? ಬೈದರ ಇನ್ನಾ ಜಾಸ್ತಿ ಒದರತದ.”

ಕಲಬುರಗಿ ಜಿಲ್ಲೆಯ ಕಿಣ್ಣಿ ಸುಲ್ತಾನದಂಥ ಊರಿನಲ್ಲಿ ಇಂಥ ಮನೆ ಯಾವ ಓಣಿಯಲ್ಲಾದರೂ ಇದ್ದೀತು. ಮೊಮ್ಮಗ ಹೇಳಿದ ಮಾತಿನಲ್ಲಿ ಇಡೀ ಸಮಸ್ಯೆಯ ಬೇರು ಇದೆ. ಬೈದರೆ ಕುನ್ನಿ ಜಾಸ್ತಿ ಬೊಗಳುವುದು ನಿಜ. ಬೈಗುಳದ ಅರ್ಥ ಅದಕ್ಕೆ ಗೊತ್ತಿಲ್ಲ; ಗೊತ್ತಾಗುವುದು ದನಿಯ ಏರು ಮಾತ್ರ. ತಾನು ಕೂಗಿದೆ, ಮನೆಯವರೂ ಜತೆಗೆ ಕೂಗಿದರು, ಅಂದಮೇಲೆ ಹೊರಗೆ ಬಂದಿರುವುದು ದೊಡ್ಡ ಗಂಡಾಂತರವೇ ಇರಬೇಕು ಎಂದು ಅದು ಇನ್ನಷ್ಟು ಹುರುಪುಗೊಳ್ಳುತ್ತದೆ.

ಇನ್ನು ಆ ಬಸ್ಸಿನ ಲೆಕ್ಕವನ್ನು ಕುನ್ನಿಯ ಕಡೆಯಿಂದ ನೋಡಬೇಕು. ಗುಡುಗುಡು ಸದ್ದಿನ ದೊಡ್ಡದೊಂದು ಪ್ರಾಣಿ ಮನೆಯೆದುರು ಬಂದು ನಿಂತಿತು. ಕುನ್ನಿ ಬೊಗಳಿತು. ಕಂಡಕ್ಟರ್ ಸೀಟಿ ಊದಿದ, ಬಸ್ಸು ಹೋಯಿತು. ಸೀಟಿಯ ವಿಷಯ ಕುನ್ನಿಗೆ ತಿಳಿಯದು. ಅದು ಕಂಡದ್ದಿಷ್ಟೇ: ತಾನು ಬೊಗಳಿದೆ, ಅದು ಓಡಿಹೋಯಿತು. ದಿನಕ್ಕೆ ನಾಲ್ಕು ಸಲ ಬಸ್ಸು ಬಂದರೆ ನಾಲ್ಕು ಸಲ ಗೆಲುವು. ಹಾಲಿನವನ ಮೋಟರ್ ಸೈಕಲ್ಲು, ಮೇಯಲು ಹೊರಟ ಆಡಿನ ಹಿಂಡು, ಬಳೆ ಮಾರುವವಳು, ಎಲ್ಲರೂ ಬಂದು ಹೋಗುವವರೇ. ಹೀಗೆ ಗೆದ್ದೂ ಗೆದ್ದೂ ಆರು ತಿಂಗಳಿಗೆ ಆ ಅಭ್ಯಾಸ ಗಟ್ಟಿಯಾಗುತ್ತದೆ. ಮನುಷ್ಯನ ಕಿವಿ ಸೆಕೆಂಡಿಗೆ 20,000 ಕಂಪನದವರೆಗಿನ ಸದ್ದು ಹಿಡಿದರೆ ನಾಯಿಯ ಕಿವಿ ಸುಮಾರು 45,000ದವರೆಗೆ ಹಿಡಿಯುತ್ತದೆ. ಮನೆಯವರಿಗೆ ಏನೂ ಕೇಳದಿದ್ದಾಗಲೂ ಅದಕ್ಕೆ ಏನೋ ಕೇಳಿರುತ್ತದೆ. ಸುಮ್ಮಸುಮ್ಮನೆ ಬೊಗಳುತ್ತದೆ ಎಂಬ ದೂರು ಅಷ್ಟು ಸರಿಯಲ್ಲ.

ಬೊಗಳುವ ಕೆಲಸ ಅದಕ್ಕೆ ಕೊಟ್ಟವರೂ ನಾವೇ. ಇದೇ ಕಲಬುರಗಿ ಜಿಲ್ಲೆಯ ಮಳಖೇಡ ಮಾನ್ಯಖೇಟವಾಗಿದ್ದ ಕಾಲದಲ್ಲಿ, ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೇರನಿಗೆ ರಾಷ್ಟ್ರಕೂಟರ ಮೂರನೆಯ ಕೃಷ್ಣ ಬೇಕಾದದ್ದು ಬೇಡಿಕೋ ಎಂದಾಗ ಅವನು ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಕಾಡುಹಂದಿಯೊಡನೆ ಕಾದಿ ಸತ್ತ ಆ ನಾಯಿಗೆ ಮಂಡ್ಯ ಸೀಮೆಯ ಆತಕೂರಿನಲ್ಲಿ ಕಲ್ಲು ನಿಲ್ಲಿಸಿದರು. ಕ್ರಿ.ಶ. 949-50ರ ಆ ಕಲ್ಲಿನಲ್ಲಿ ನಾಯಿ, ಹಂದಿ ಎದುರುಬದುರಾಗಿರುವುದನ್ನು ಈಗಲೂ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ನೋಡಬಹುದು. ಮೈಲಾರಲಿಂಗನ ಒಕ್ಕಲಲ್ಲಂತೂ ನಾಯಿ ದೇವರ ಸಂಗಾತಿ. ವಗ್ಗಯ್ಯಗಳೆಂಬ ಭಕ್ತರು ದೇವರ ನಾಯಿಗಳಾಗಿ ಬೊಗಳುವುದೇ ಒಂದು ಸೇವೆ. ಕುರಿಹಟ್ಟಿಯಲ್ಲಿ, ತೊಗರಿ ರಾಶಿಯ ಕಣದಲ್ಲಿ ರಾತ್ರಿ ಬೊಗಳದ ನಾಯಿಗೆ ಯಾರೂ ರೊಟ್ಟಿ ಹಾಕಿದವರಲ್ಲ. ಹೊಲದಲ್ಲಿ ಮೆಚ್ಚಿದ ಅದೇ ಗುಣವನ್ನು ಮನೆಯೊಳಗೆ ತಂದು ಕಟ್ಟಿ, ಈಗ ಅದು ತಪ್ಪು ಎನ್ನುತ್ತಿದ್ದೇವೆ.

ಮುಧೋಳದ ತಳಿಗೆ ಈ ಕಷ್ಟ ಇನ್ನೂ ಹೆಚ್ಚು. ಬಾಗಲಕೋಟೆ ಜಿಲ್ಲೆಯ ತಿಮ್ಮಾಪುರದಲ್ಲಿ, ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಅಡಿಯಲ್ಲಿ, ಈ ತಳಿಗಾಗಿಯೇ ಒಂದು ಕೇಂದ್ರವಿದೆ. 2005ರಲ್ಲಿ ಈ ನಾಯಿಯ ಚಿತ್ರದ ಅಂಚೆಚೀಟಿ ಬಂತು. 2016ರಲ್ಲಿ ಮರಿಗಳು ಸೇನೆಯ ತರಬೇತಿಗೆ ಮೀರತ್‌ಗೆ ಹೋದವು. ಹೆಸರು ಕೇಳಿ ಪೇಟೆಯ ಮನೆಗಳಿಗೂ ಮರಿ ತರುತ್ತಾರೆ. ಆದರೆ ಅದು ಕಣ್ಣಿನಿಂದ ಬೇಟೆ ಹಿಡಿಯುವ ನಾಯಿ, ಬಯಲು ಸೀಳಿಕೊಂಡು ಓಡುವುದಕ್ಕೆ ಹುಟ್ಟಿದ್ದು. ಅಂಥದನ್ನು ಬೀದಿ ಕಾಣುವ ಕಿಟಕಿಯ ಪಕ್ಕ ಎರಡು ಮಾರು ಸರಪಳಿಯಲ್ಲಿ ಕಟ್ಟಿದರೆ ಬೊಗಳದೆ ಏನು ಮಾಡೀತು? ಸದಾ ಕಟ್ಟಿಹಾಕಿದ ನಾಯಿಯನ್ನು ಓಡಾಡಿಸದೆ ಬಿಡುವುದು 1960ರ ಪ್ರಾಣಿ ಕ್ರೌರ್ಯ ತಡೆ ಕಾಯ್ದೆಯ 11ನೇ ಕಲಮಿನ ಪ್ರಕಾರ ಕ್ರೌರ್ಯವೇ. ಈ ಮಾತು ಎಷ್ಟೋ ನಾಯಿ ಸಾಕುವವರ ಕಿವಿಗೆ ಬಿದ್ದೇ ಇಲ್ಲ.

ಹಾಗಾದರೆ ಮನೆಯಲ್ಲಿ ಮಾಡುವುದೇನು? ಮೊದಲು ಕಿಟಕಿ. ಕೆಳಗಿನ ಅರ್ಧಕ್ಕೆ ಹಳೇ ಧೋತರವೋ ರಟ್ಟೋ ಅಡ್ಡ ಕಟ್ಟಿದರೆ ಗೆಲುವಿನ ಅರ್ಧ ಆಟ ಅಲ್ಲಿಗೇ ನಿಲ್ಲುತ್ತದೆ. ಆಮೇಲೆ ಓಡಾಟ. ಕಲಬುರಗಿ ಸೀಮೆಯ ಬೇಸಿಗೆ 40 ಡಿಗ್ರಿ ದಾಟುತ್ತದೆ, ಹತ್ತು ಗಂಟೆಗೇ ಪರಸಿಕಲ್ಲು ಕಾದ ಹಂಚಾಗಿರುತ್ತದೆ. ಅಂಗೈಯ ಹಿಂಬದಿಯನ್ನು ನೆಲಕ್ಕೆ ಒತ್ತಿ ನೋಡಬೇಕು. ಐದಾರು ಸೆಕೆಂಡು ತಾಳಲಾಗದಿದ್ದರೆ ಕುನ್ನಿಯ ಪಾದಕ್ಕೂ ಆಗದು. ಹೊತ್ತು ಮೂಡುವ ಮುಂಚೆ ಹೊಲದ ದಾರಿಯಲ್ಲಿ ಅರ್ಧ ತಾಸು ಮೂಸಿಕೊಂಡು ಅಡ್ಡಾಡಿ ಬಂದ ಕುನ್ನಿ ಮಧ್ಯಾಹ್ನ ತಾನಾಗಿ ಮಲಗುತ್ತದೆ. ಮಳೆಯ ದಿನ ಹೊರಗೆ ಹೋಗಲಾಗದಿದ್ದರೆ ಗೋಣಿಚೀಲದ ಮಡಿಕೆಗಳಲ್ಲಿ ರೊಟ್ಟಿಯ ಚೂರು ಅಡಗಿಸಿಟ್ಟರೂ ಆದೀತು. ಹುಡುಕುವ ಮೂಗಿಗೆ ಕೆಲಸ ಸಿಕ್ಕರೆ ಬಾಯಿ ಸುಮ್ಮನಾಗುತ್ತದೆ.

ಮುಖ್ಯ ಪಾಠ ಬಸ್ಸಿನ ಹೊತ್ತಿನದು. ಮೊಮ್ಮಗ ಜೇಬಿನಲ್ಲಿ ಕಡಕ್ ರೊಟ್ಟಿಯ ಚೂರು ಇಟ್ಟುಕೊಂಡು ಮೊದಲೇ ಕೂತಿರಬೇಕು. ಹಾರ್ನ್ ಕೇಳಿತು, ಕುನ್ನಿ ಒಂದೆರಡು ಸಲ ಬೊಗಳಿತು. ಅವನು ಎದ್ದು ಹೋಗಿ ಅದು ನೋಡುವ ಕಡೆ ತಾನೂ ನೋಡಿ, ಮೆಲ್ಲನೆ “ಆಯ್ತು, ಸುಮ್ನಿರು” ಅಂದು ಚೂರನ್ನು ಅದರ ಮೂಗಿನ ಹತ್ತಿರ ತರಬೇಕು. ಮೂಸುವಾಗ ನಾಯಿ ಬೊಗಳಲಾರದು. ಸದ್ದು ನಿಂತು ಎರಡು ಸೆಕೆಂಡು ಆದಮೇಲೆ ಚೂರು ಬಾಯಿಗೆ. ನಾಳೆ ಮೂರು ಸೆಕೆಂಡು, ವಾರ ಕಳೆದರೆ ಹತ್ತು. ಬೊಗಳುತ್ತಿರುವಾಗಲೇ ಕೊಟ್ಟರೆ ಬೊಗಳಿದ್ದಕ್ಕೆ ಕೂಲಿ ಕೊಟ್ಟಂತಾಗುತ್ತದೆ. ಈ ಎರಡು ಸೆಕೆಂಡಿನಲ್ಲೇ ಪಾಠವೆಲ್ಲ ಇರುವುದು. ಸೊಲ್ಲು ಮನೆಮಂದಿಗೆಲ್ಲ ಒಂದೇ ಇರಬೇಕು. ಆಯಿ “ಹಚಾ” ಅಂದು, ಅಪ್ಪ “ಚುಪ್” ಅಂದು, ಹುಡುಗ ಇನ್ನೇನೋ ಅಂದರೆ ಕುನ್ನಿ ಯಾವುದನ್ನು ಕಲಿಯಬೇಕು? ಚೂರು ರೊಟ್ಟಿಯದಾಗಲಿ, ಬೇಯಿಸಿದ ಮೊಟ್ಟೆಯದಾಗಲಿ. ಉಳ್ಳಾಗಡ್ಡಿ, ಚಾಕಲೇಟು, ದ್ರಾಕ್ಷಿ ಬೇಡ, ನಾಯಿಗೆ ಅವು ವಿಷ.

ಊಟದ ಹೊತ್ತಿನ ಬೊಗಳು ಬೇರೆ ಜಾತಿಯದು. ಅದು ಕಾವಲಲ್ಲ, ಬೇಡಿಕೆ. ಅಲ್ಲಿ ನೋಡಲೂಬಾರದು, ಬೈಯಲೂಬಾರದು, ಬೆನ್ನು ತಿರುಗಿಸಿ ಕೂರಬೇಕು. ಶುರುವಿನಲ್ಲಿ ಬೊಗಳು ಇಮ್ಮಡಿಯಾಗುತ್ತದೆ. ಹಳೇ ಉಪಾಯ ಯಾಕೆ ನಡೆಯುತ್ತಿಲ್ಲ ಎಂದು ಅದು ಇನ್ನೂ ಜೋರಾಗಿ ಪ್ರಯತ್ನಿಸುತ್ತದೆ. ಆ ಮೂರು ನಾಲ್ಕು ದಿನ ಹಲ್ಲು ಕಚ್ಚಿ ತಾಳಿದರೆ ಇಳಿಯುತ್ತದೆ. ಹತ್ತು ಸಲ ತಾಳಿ ಹನ್ನೊಂದನೆಯ ಸಲ ಆಯಿಯ ಕರುಳು ಚುರುಕ್ ಅಂದು ತುತ್ತು ಎಸೆದಳೋ, ಹನ್ನೊಂದು ಸಲ ಬೊಗಳಬೇಕು ಎಂಬುದನ್ನು ಕುನ್ನಿ ಕಲಿತುಬಿಡುತ್ತದೆ.

ಬೊಗಳಿನಲ್ಲಿ ಬಗೆ ಇದೆ ಎಂಬುದು ಬರೀ ಮನೆಮಂದಿಯ ಊಹೆಯಲ್ಲ. ಹಂಗೇರಿಯ ಸಂಶೋಧಕರು ಮುಡಿ ಎಂಬ ಕುರಿಕಾಯುವ ತಳಿಯ ಬೊಗಳುಗಳನ್ನು ಮುದ್ರಿಸಿಕೊಂಡು, ಅಪರಿಚಿತ ಬಂದಾಗಿನದು ಯಾವುದು, ಒಂಟಿಯಾಗಿ ಕಟ್ಟಿದಾಗಿನದು ಯಾವುದು, ಆಟಕ್ಕೆ ಕರೆಯುವುದು ಯಾವುದು ಎಂದು ಜನರನ್ನು ಕೇಳಿದರು. ನಾಯಿ ಸಾಕದವರೂ ಬರೀ ದನಿ ಕೇಳಿ ಗುರುತಿಸಿದರು. 2005ರಲ್ಲಿ ಪ್ರಕಟವಾದ ಅಧ್ಯಯನ ಅದು. ನಮ್ಮ ಕುರಿಗಾಹಿಗಳು ಅದನ್ನು ಮುಂಚಿನಿಂದ ಬಲ್ಲರು. ಕತ್ತಲಲ್ಲಿ ಕಂಬಳಿಯೊಳಗಿಂದಲೇ, ನಾಯಿಯ ದನಿಯ ಮೇಲೆ, ಬಂದದ್ದು ತೋಳವೋ ಮನುಷ್ಯನೋ ಎಂದು ಹೇಳುವವರು ಅವರು.

ಒಂದು ದನಿಯನ್ನು ಮಾತ್ರ ಯಾರೂ ಅಲಕ್ಷ್ಯ ಮಾಡಬಾರದು. ನಾಯಿಯ ಬೊಗಳು ಇದ್ದಕ್ಕಿದ್ದಂತೆ ಗೊಗ್ಗರಾಗಿ, ಜೊಲ್ಲು ಸುರಿದು, ನುಂಗಲು ತ್ರಾಸಾಗುತ್ತಿದ್ದರೆ ಅದು ರೇಬೀಸ್ ಇರಬಹುದು. ಆ ರೋಗ ಗಂಟಲಿನ ನರಗಳನ್ನೇ ಹಿಡಿಯುತ್ತದೆ. ಬಾಯಿಗೆ ಕೈ ಹಾಕದೆ, ಮಕ್ಕಳನ್ನು ದೂರವಿಟ್ಟು ದನದ ಡಾಕ್ಟರನ್ನು ಕರೆಯಬೇಕು. ಮೂರು ತಿಂಗಳಿಗೆ ಕೊಡಿಸುವ ಸೂಜಿ ಈ ಭಯವನ್ನು ಕಳೆಯುತ್ತದೆ, ಆಮೇಲೆ ಅದನ್ನು ಹೇಳಿದ ಹೊತ್ತಿಗೆ ಮತ್ತೆ ಕೊಡಿಸುತ್ತಿರಬೇಕು.

ಮತ್ತೆ, ಹೊಡೆತ ಬೇಡ. ಕಟ್ಟಿಗೆ ಕಂಡು ಸುಮ್ಮನಾದ ನಾಯಿ ಕಲಿತಿರುವುದು ಅಂಜಿಕೆಯನ್ನು ಮಾತ್ರ. ಗುರ್ ಅನ್ನುವುದಕ್ಕೂ ಹೆದರಿದ ನಾಯಿ ಮುಂದೊಮ್ಮೆ ಸೂಚನೆ ಕೊಡದೆಯೇ ಕಚ್ಚೀತು, ಕೂಸಿರುವ ಮನೆಯಲ್ಲಿ ಅದಕ್ಕಿಂತ ದೊಡ್ಡ ಅಪಾಯವಿಲ್ಲ. ಪೂರ್ತಿ ಮೌನವನ್ನೂ ಬಯಸಬಾರದು. ಮಳೆಗಾಲದ ರಾತ್ರಿ ಹಿತ್ತಿಲ ಕಟ್ಟಿಗೆ ರಾಶಿಯ ಹತ್ತಿರ ಹಾವು ಹರಿದರೆ ಮೊದಲು ತಿಳಿಸಬೇಕಾದದ್ದು ಅದೇ ಕುನ್ನಿ.

ತಿಂಗಳು ಕಳೆದ ಮೇಲಿನ ಒಂದು ಸಂಜೆ. ಬಸ್ಸು ಹಾರ್ನ್ ಹೊಡೆಯುತ್ತದೆ. ಗೋಣಿಚೀಲದ ಮೇಲಿನ ಎರಡು ಕಿವಿ ನೆಟ್ಟಗಾಗುತ್ತವೆ, “ಬೌ” ಎಂದು ಒಂದೇ ದನಿ, ಆಮೇಲೆ ಕುನ್ನಿ ಕಿಟಕಿಯ ಕಡೆ ಹೋಗದೆ ಕತ್ತು ತಿರುಗಿಸಿ ಆಯಿಯ ಮುಖ ನೋಡುತ್ತದೆ.

“ಕೇಳ್ತು ಬಿಡಪ್ಪಾ, ಬಸ್ ಬಂತು,” ಅನ್ನುತ್ತಾಳೆ ಆಯಿ, ಸೆರಗಿನ ಗಂಟಿನಿಂದ ರೊಟ್ಟಿಯ ಚೂರು ಬಿಚ್ಚುತ್ತ.