ತಾಲೀಮಿಗೂ ಲೆಕ್ಕವೇ?

ನಮ್ಮ ಹವ್ಯಾಸಿ ತಂಡ ನಾಟಕ ಆಡುವಾಗ ನಾಟಕಕಾರರಿಗೆ ಪತ್ರ ಬರೆದು ಅನುಮತಿ ಪಡೆಯುತ್ತದೆ; ಪ್ರದರ್ಶನವೊಂದಕ್ಕೆ ಇಷ್ಟು ಎಂದು ಗೌರವಧನ ಕಳಿಸುತ್ತದೆ. ಅದಕ್ಕೆ ಮುಂಚೆ ತಿಂಗಳುಗಟ್ಟಲೆ ತಾಲೀಮು ನಡೆಯುತ್ತದೆ. ಅದಕ್ಕೂ ಹಣ ಕೊಡಿ ಎಂದು ಇದುವರೆಗೆ ಯಾವ ನಾಟಕಕಾರರೂ ನಮ್ಮನ್ನು ಕೇಳಿಲ್ಲ. ಕಂಪ್ಯೂಟರಿನ ಲೋಕದಲ್ಲಿ ಹಾಗೆ ಕೇಳುವವರೂ ಇದ್ದಾರೆಂಬುದು ನನಗೆ ತಿಳಿದದ್ದು ಮಗಳಿಂದ.

ನನ್ನ ತಂಗಿ ಹಪ್ಪಳ, ಸಂಡಿಗೆ, ಚಟ್ನಿಪುಡಿ ಮಾಡಿ ಮಾರುತ್ತಾಳೆ. ಅವಳದೊಂದು ವೆಬ್‌ಸೈಟ್ ಇದೆ. ಬಿ.ಸಿ.ಎ. ಕಡೆಯ ವರ್ಷದಲ್ಲಿರುವ ನನ್ನ ಮಗಳೇ ಅದನ್ನು ನೋಡಿಕೊಳ್ಳುವವಳು. ತೂಕ ಮತ್ತು ಪಿನ್‌ಕೋಡ್ ನೋಡಿ ಕೊರಿಯರ್ ಖರ್ಚನ್ನು ಲೆಕ್ಕ ಹಾಕುವ ಪ್ಲಗಿನ್ ಒಂದು ಅದರಲ್ಲಿದೆ. ಪ್ಲಗಿನ್ ಎಂದರೆ ವೆಬ್‌ಸೈಟಿಗೆ ಜೋಡಿಸುವ ಪುಟ್ಟ ಸಾಫ್ಟ್‌ವೇರ್. ವರ್ಷದ ಚಂದಾ ಕಟ್ಟಿ ತಂದದ್ದು. ದಸರೆಗೆ ಮೂರು ವಾರವಿರುವಾಗ ಅದರ ಹೊಸ ಆವೃತ್ತಿ ಬಂತು. ನಡೆಯುತ್ತಿರುವ ಅಂಗಡಿಗೇ ಅದನ್ನು ಹಾಕಿ, ಏನಾದರೂ ಕೆಟ್ಟರೆ ಹಬ್ಬದ ಆರ್ಡರುಗಳೆಲ್ಲ ನಿಂತುಹೋಗುತ್ತವೆ. ಆದ್ದರಿಂದ ಮಗಳು ಇಡೀ ಸೈಟಿನ ನಕಲೊಂದನ್ನು ಬೇರೆ ವಿಳಾಸದಲ್ಲಿಟ್ಟಳು. ಬದಲಾವಣೆಯನ್ನು ಮೊದಲು ಅಲ್ಲಿ ಮಾಡಿ ನೋಡುವುದು. ಇದಕ್ಕೆ ಸ್ಟೇಜಿಂಗ್ ಸೈಟ್ ಎನ್ನುತ್ತಾರಂತೆ. ಹೆಸರಿನಲ್ಲೇ ರಂಗದ ವಾಸನೆಯಿದೆ!

ಆದರೆ ನಕಲಿನಲ್ಲಿ ಪ್ಲಗಿನ್ ಮುನಿಸಿಕೊಂಡಿತು. 'ಈ ಲೈಸೆನ್ಸ್ ಒಂದು ಸೈಟಿಗೆ ಮಾತ್ರ, ಅದು ಈಗಾಗಲೇ ಬಳಕೆಯಲ್ಲಿದೆ' ಎಂಬ ಉತ್ತರ. ಒಳಗಿನ ವ್ಯವಸ್ಥೆ ಸರಳವಾದದ್ದು. ಹಣ ಕೊಟ್ಟವರಿಗೆ ಉದ್ದನೆಯ ಒಂದು ಕೀ ಕೊಡುತ್ತಾರೆ. ಅದನ್ನು ಹಾಕಿದ ಕೂಡಲೇ ಪ್ಲಗಿನ್ ಸೈಟಿನ ವಿಳಾಸವನ್ನು ಮಾರಿದವರ ಸರ್ವರಿಗೆ ತಿಳಿಸುತ್ತದೆ. ಸರ್ವರ್ ಎಣಿಸುತ್ತದೆ. ವಿಳಾಸ ಬೇರೆಯಾದರೆ ಅದರ ಲೆಕ್ಕದಲ್ಲಿ ಅದು ಎರಡನೆಯ ಅಂಗಡಿ. ತಾಲೀಮೋ ಪ್ರದರ್ಶನವೋ ಎಂದು ಅದಕ್ಕೇನು ಗೊತ್ತು? ಕೀ ಇಲ್ಲದಿದ್ದರೂ ಹಳೆಯ ಆವೃತ್ತಿ ನಡೆಯುತ್ತಿತ್ತು, ಹೊಸದು ಮಾತ್ರ ಇಳಿಯುತ್ತಿರಲಿಲ್ಲ. ನಾವು ಪರೀಕ್ಷಿಸಬೇಕಾಗಿದ್ದುದು ಹೊಸದನ್ನೇ!

ಐದು ಸೈಟುಗಳ ಲೈಸೆನ್ಸ್ ಕೊಳ್ಳಬಹುದಿತ್ತು. ಒಂದು ವಾರದ ಪರೀಕ್ಷೆಗಾಗಿ ವರ್ಷದ ಹಣ ಕಟ್ಟುವಷ್ಟು ಹಪ್ಪಳದಲ್ಲಿ ಲಾಭವಿಲ್ಲ. ಆಗ ಮನೆಗೆ ಬಂದಿದ್ದ ಮಗಳ ಸಹಪಾಠಿಯೊಬ್ಬ ಸುಲಭದ ದಾರಿ ಹೇಳಿದ. ಲೈಸೆನ್ಸ್ ತಪಾಸಣೆಯನ್ನು ಕಿತ್ತುಹಾಕಿದ ಪ್ರತಿಗಳು ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತವೆ. "ಟೆಸ್ಟಿಂಗಿಗೆ ತಾನೇ ಅಂಕಲ್, ಯಾರಿಗೇನು ನಷ್ಟ?" ಎಂದ. ಒಳ್ಳೆಯ ಹುಡುಗ, ಓದಿನಲ್ಲೂ ಮುಂದು. ಅನೇಕ ಮನೆಗಳಲ್ಲಿ ಮಕ್ಕಳು ಹೀಗೆಯೇ ಯೋಚಿಸುತ್ತಾರೆ, ನಾವು ತಂದೆತಾಯಿಗಳು ಅದನ್ನು ಜಾಣತನವೆಂದು ಮೆಚ್ಚುತ್ತೇವೆ.

ನಷ್ಟ ಯಾರಿಗೆಂದು ಮಗಳೇ ವಿವರಿಸಿದಳು. ತಪಾಸಣೆಯನ್ನು ಕಿತ್ತ ಕೈ ಜೊತೆಗೆ ಇನ್ನೇನನ್ನು ಸೇರಿಸಿದೆಯೋ ತಿಳಿಯದು. ಹೀಗೆ ಕಳ್ಳಬಾಗಿಲು ಇಟ್ಟು ಹಂಚುವುದು ಹಳೆಯ ಚಾಳಿ. ನಕಲು ಸೈಟಿನಲ್ಲಿದ್ದುದು ನಿಜವಾದ ಗಿರಾಕಿಗಳ ಹೆಸರು, ವಿಳಾಸ, ಫೋನ್ ನಂಬರು. ಇಷ್ಟಾಗಿ, ಅಲ್ಲಿ ಪರೀಕ್ಷಿಸಿದ್ದು ಒಂದು, ಅಂಗಡಿಯಲ್ಲಿ ಓಡುವುದು ಇನ್ನೊಂದು ಎಂದಾದರೆ ಆ ಪರೀಕ್ಷೆಗೆ ಅರ್ಥವೇನು?

ತಾಲೀಮಿಗೆ ಲೆಕ್ಕ ಹಾಕುವುದು ವ್ಯಾಪಾರದ ಅನಿವಾರ್ಯತೆ ಎಂದು ನಾನು ಒಪ್ಪುವುದಿಲ್ಲ. ಮೈಕ್ರೋಸಾಫ್ಟ್‌ನಂಥ ಕಂಪನಿಯೇ ತನ್ನ ಎಸ್‌ಕ್ಯೂಎಲ್ ಸರ್ವರಿನ ಡೆವಲಪರ್ ಆವೃತ್ತಿಯನ್ನು 2016ರಲ್ಲಿ ಉಚಿತ ಮಾಡಿತು. ಅದರಲ್ಲಿ ಕಟ್ಟಬಹುದು, ಪರೀಕ್ಷಿಸಬಹುದು. ನಿಜವಾದ ವ್ಯವಹಾರ ನಡೆಸುವಂತಿಲ್ಲ. ತಂಗಿಯ ಸೈಟಿಗೆ ಅಡಿಪಾಯವಾಗಿರುವ ವರ್ಡ್‌ಪ್ರೆಸ್ 2003ರಲ್ಲಿ ಹುಟ್ಟಿದ್ದು. ಅದರ ಲೈಸೆನ್ಸ್ ಜಿಪಿಎಲ್, 1991ರ ಎರಡನೆಯ ಆವೃತ್ತಿ. ಅದರ ಪ್ರಕಾರ ಒಂದು ನಕಲೋ ನೂರು ನಕಲೋ, ಕೇಳುವವರಿಲ್ಲ. ಹಣ ಕೊಟ್ಟು ತರುವ ಅನೇಕ ಪ್ಲಗಿನ್‌ಗಳೂ ಇದೇ ಲೈಸೆನ್ಸಿನವು; ಅಲ್ಲಿ ಮಾರುವುದು ಹೊಸ ಆವೃತ್ತಿಗಳನ್ನು ಮತ್ತು ಸಹಾಯವನ್ನು. ಕೀ ಕಾಯುವುದು ಅದನ್ನೇ.

ಕಡೆಗೆ ಮಗಳು ಮಾಡಿದ್ದು ಯಾರೂ ಮಾಡದ ಕೆಲಸ. 'ಒಪ್ಪಿದ್ದೇನೆ' ಎಂದು ಎಲ್ಲರೂ ಒತ್ತಿ ದಾಟುವ ಷರತ್ತುಗಳನ್ನು ಕೂತು ಓದಿದಳು. ಸ್ವಂತ ಕಂಪ್ಯೂಟರಿನಲ್ಲಿರುವ ಪ್ರತಿಗೂ 'ಸ್ಟೇಜಿಂಗ್' ಎಂದು ಆರಂಭವಾಗುವ ವಿಳಾಸಕ್ಕೂ ಲೆಕ್ಕವಿಲ್ಲ ಎಂಬ ಸಾಲು ಕೊನೆಯ ಪುಟದಲ್ಲಿ ಅಡಗಿ ಕೂತಿತ್ತು. ಅವಳು ನಕಲಿಗೆ ಇಟ್ಟಿದ್ದ ಹೆಸರು 'ಹೊಸದು'. ವಿಳಾಸ ಬದಲಾಯಿಸಿದಳು, ಕೀ ಒಪ್ಪಿಕೊಂಡಿತು. ಎಲ್ಲ ಮಾರಾಟಗಾರರೂ ಇಷ್ಟು ಉದಾರಿಗಳಲ್ಲ. ಕೊಳ್ಳುವ ಮುಂಚೆಯೇ ಈ ಸಾಲನ್ನು ಹುಡುಕಬೇಕು ಎಂಬುದು ಅವಳ ಈಗಿನ ನಿಯಮ.

ಪರೀಕ್ಷೆಗೆ ಕೂರುವ ಮುನ್ನ ನಕಲಿನಿಂದ ಇ-ಮೇಲ್ ಹೋಗದಂತೆ ತಡೆದಳು. ಇಲ್ಲದಿದ್ದರೆ ಹಳೆಯ ಗಿರಾಕಿಗಳಿಗೆಲ್ಲ 'ನಿಮ್ಮ ಸಂಡಿಗೆ ಹೊರಟಿದೆ' ಎಂಬ ಸುಳ್ಳು ಸುದ್ದಿ ತಲುಪುತ್ತಿತ್ತು. ಎರಡನೆಯ ದಿನ ಸಿಕ್ಕಿತು ದೋಷ: ಐದು ಕಿಲೋ ಮೀರಿದ ಪಾರ್ಸಲ್ ಹೊರರಾಜ್ಯಕ್ಕೆ ಹೋಗುವುದಾದರೆ ಕೊರಿಯರ್ ಖರ್ಚು ಸೊನ್ನೆ! ಹಬ್ಬದಲ್ಲಿ ದೊಡ್ಡ ಪಾರ್ಸಲ್‌ಗಳು ಹೋಗುವುದೇ ಮುಂಬೈ, ಪುಣೆಗಳಿಗೆ. ತೂಕದ ಪಟ್ಟಿ ಸರಿಪಡಿಸಿ, ಮರುದಿನ ರಾತ್ರಿ ಅಂಗಡಿಗೆ ಹೊಸ ಆವೃತ್ತಿ ಹಾಕಿ, ನಕಲನ್ನು ಅಳಿಸಿಬಿಟ್ಟಳು.

"ಅಷ್ಟು ಕಷ್ಟಪಟ್ಟು ಮಾಡಿದ್ದನ್ನ ಯಾಕೆ ಅಳಿಸಿದ್ಯೇ?" ಎಂದು ತಂಗಿ ಪೇಚಾಡಿದಳು.

"ಅದರಲ್ಲಿ ನಿಮ್ಮ ಗಿರಾಕಿಗಳ ಫೋನ್ ನಂಬರೆಲ್ಲ ಇತ್ತಲ್ಲ ಅತ್ತೆ. ಯುಗಾದಿಗೆ ಬೇಕಾದ್ರೆ ಇನ್ನೊಂದು ಮಾಡ್ತೀನಿ" ಎಂದಳು ಮಗಳು.